ಡಬ್ಬಿ ತಲುಪಿತು

೧೪ ಡಿಸೆಂಬರ್ ೧೯೮೫

ಸೊಟ್ಟಿ,

ಈ ಪತ್ರದ ಹಿಂದೆಯೇ ಡಬ್ಬಿ ಬರುತ್ತದೆ. ಬಟ್ಟೆ ಸುತ್ತಿ ಹೊಲಿದು, ಅರಗು ಹಾಕಿ ಕಳಿಸಿದ್ದೇನೆ, ದಾರಿಯಲ್ಲಿ ಯಾರೂ ಕೈ ಹಾಕಲಾರರು. ಬಿಚ್ಚಿದ ಮೇಲೆ ನಿನ್ನ ಯಜಮಾನರ ಕೈಯಿಂದ ಕಾಪಾಡಿಕೊಳ್ಳುವುದು ನಿನಗೆ ಸೇರಿದ್ದು. ಊರಿನ ವಾಚುಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ ಊಟಕ್ಕೆ ಒಂದು ಗಂಟೆ ತಡ, ಸಿಹಿಗೆ ಮಾತ್ರ ಒಂದು ಗಂಟೆ ಮೊದಲು!

ಮೇಲಿನ ಸಾಲಿನಲ್ಲಿ ಬೆಣ್ಣೆ ಬಿಸ್ಕತ್ತು, ನಡುವೆ ಆಕ್ರೋಟಿನ ಕೇಕು, ಕೆಳಗೆ ಸಕ್ಕರೆ ಪಾಕದಲ್ಲಿ ಹೊರಳಿಸಿದ ಬಾದಾಮಿ. ಈ ಹಬ್ಬಕ್ಕೂ ಹನ್ನೆರಡು ಮನೆಗೆ ಹನ್ನೆರಡು ಡಬ್ಬಿ. ನಿನ್ನ ಭಾವ ಹೋದ ಮೇಲೆ ಈ ಹದಿನೈದು ದಿನ ಮಾತ್ರ ನನ್ನ ಮನೆಗೆ ಮನೆಯ ಕಳೆ ಬರುವುದು. ಮಿಕ್ಕ ದಿನ ಒಬ್ಬಳಿಗೆ ಏನು ಒಲೆ, ಏನು ಅಡುಗೆ.

ಒಂದು ಚೂರನ್ನೂ ಬಾಯಿಗೆ ಹಾಕಿಲ್ಲ. ಅಮ್ಮನ ಮಾತು ನೆನಪಿದೆಯಲ್ಲ? "ಮಾಡೋ ಕೈ ಬಾಯಿಗೆ ಹೋದ್ರೆ ಡಬ್ಬಿ ತುಂಬಲ್ಲ." ನಾವು ಐದು ಮಕ್ಕಳು, ಮಾಡುತ್ತಿದ್ದ ಸಿಹಿಯೆಲ್ಲ ಬೇರೆಯವರ ಮನೆಯ ಆರ್ಡರು. ಹಾಗೆನ್ನದೆ ಅವಳಿಗೆ ಬೇರೆ ದಾರಿ ಇರಲಿಲ್ಲ, ಪಾಪ. ಪಾಕ ಹದಕ್ಕೆ ಬಂತೋ ಇಲ್ಲವೋ, ಬೆಣ್ಣೆ ಹೊಸದೋ ಹಳೆಯದೋ, ಬೀಜ ಹುರಿದದ್ದು ಸಾಕೋ ಬೇಕೋ, ಎಲ್ಲ ಮೂಗಿನಲ್ಲೇ ತಿಳಿಯಬೇಕು ಎಂದು ಕಲಿಸಿದಳು. ನೀನು ಮಾತ್ರ ಬೆನ್ನು ತಿರುಗಿಸಿಕೊಂಡು ನುಂಗುತ್ತಿದ್ದೆ. ನೀನು ಕತ್ತರಿಸಿದ ಬಿಸ್ಕತ್ತೂ ಸೊಟ್ಟ, ಮಾಡಿದ ಕಳ್ಳತನವೂ ಸೊಟ್ಟ. ಹೆಸರು ಸುಮ್ಮನೆ ಬರಲಿಲ್ಲ. ನಾನು ನಲವತ್ತು ವರ್ಷದಿಂದ ಅವಳ ಮಾತು ಮೀರಿಲ್ಲ.

ತಿಂದು ಹೇಗಿತ್ತು ಬರೆ. ಕೆಳಗಿನ ಸಾಲು ಪೂರ್ತಿ ಮಗಳಿಗೆ. ಈ ಸಲದ ನೆಗಡಿ ಯಾಕೋ ಬಿಡುತ್ತಿಲ್ಲ, ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಅಕ್ಕ


೨೨ ಡಿಸೆಂಬರ್ ೧೯೮೫

ಪ್ರೀತಿಯ ಅಕ್ಕನಿಗೆ,

ಡಬ್ಬಿ ತಲುಪಿತು. ಒಂದೇ ದಿನಕ್ಕೆ ಖಾಲಿ. ಇವರು ಟೀ ಆರುವುದರೊಳಗೆ ಮೇಲಿನ ಸಾಲು ಮುಗಿಸಿದರು. ಮಗಳು ತನ್ನ ಪಾಲನ್ನು ಯಾರಿಗೂ ಮುಟ್ಟಗೊಡಲಿಲ್ಲ. ಎಲ್ಲ ಬಹಳ ಚೆನ್ನಾಗಿತ್ತು.

ಆದರೆ ನೀನು ಇಷ್ಟೆಲ್ಲ ಮೈಮುರಿದು ಯಾಕೆ ಮಾಡಬೇಕು? ಹನ್ನೆರಡು ಮನೆ ಎಂದರೆ ಹುಡುಗಾಟವೇ? ಮುಂದಿನ ವರ್ಷ ಎರಡು ಮೂರು ಡಬ್ಬಿ ಮಾಡಿದರೆ ಸಾಕು. ನಮಗೆ ಕಳಿಸದಿದ್ದರೂ ನಾವೇನೂ ತಿಳಿದುಕೊಳ್ಳುವುದಿಲ್ಲ.

ಶಾಲೆಯ ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ, ಉಸಿರಾಡಲು ಪುರುಸೊತ್ತಿಲ್ಲ. ನೆಗಡಿಗೆ ಬಿಸಿನೀರಿನ ಹಬೆ ತೆಗೆದುಕೋ.

ನಿನ್ನ ತಂಗಿ


೬ ಮಾರ್ಚ್ ೧೯೮೬

ಸೊಟ್ಟಿ,

ಒಂದು ಮಾತು ಕೇಳುತ್ತೇನೆ, ನಿಜ ಹೇಳಬೇಕು.

ಮೊನ್ನೆ ಎದುರುಮನೆಯ ನರ್ಸಮ್ಮನ ಹತ್ತಿರ ಸೂಜಿ ಹಾಕಿಸಿಕೊಳ್ಳಲು ಹೋಗಿದ್ದೆ. ನಾನು ಹಬ್ಬಕ್ಕೆ ಕೊಟ್ಟ ಡಬ್ಬಿ ಅವರ ಕಪಾಟಿನ ಮೇಲಿತ್ತು. ಖಾಲಿ ಇರಬೇಕು, ವಾಪಸ್ ತರೋಣ ಎಂದು ಎತ್ತಿದರೆ ಭಾರ. ಮೂರು ಸಾಲೂ ಹಾಗೇ ಇದ್ದವು. ಅವರು ನೋಡುವ ಮೊದಲು ಅಲ್ಲೇ ಇಟ್ಟು ಬಂದೆ.

ಡಬ್ಬಿಯಲ್ಲಿದ್ದದ್ದು ಚೆನ್ನಾಗಿತ್ತೇ? ರುಚಿ, ವಾಸನೆ ಏನಾದರೂ ಕೆಟ್ಟಿತ್ತೇ? ಉಳಿದ ಹತ್ತು ಮನೆಯವರು ಮುಖ ನೋಡಿ ಮಾತಾಡುವವರು, ಅವರನ್ನು ಕೇಳಿ ಪ್ರಯೋಜನವಿಲ್ಲ. ನೀನು ನನ್ನ ತಂಗಿ. ನನ್ನ ಮನಸ್ಸಿಗೆ ನೋವಾದೀತು ಎಂದು ಹಿಂದೆಮುಂದೆ ನೋಡಬೇಡ. ಯಾಕೆ ಕೇಳುತ್ತಿದ್ದೇನೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಮೊದಲು ನಿನ್ನ ಉತ್ತರ ಬರಲಿ.

ಅಕ್ಕ


೧೫ ಮಾರ್ಚ್ ೧೯೮೬
(ಬರೆದು ಅಂಚೆಗೆ ಹಾಕದೆ ಇಟ್ಟ ಪತ್ರ)

ಅಕ್ಕ,

ಚೆನ್ನಾಗಿರಲಿಲ್ಲ. ಆಕ್ರೋಟು ಕಮಟಾಗಿತ್ತು. ಬೆಣ್ಣೆ ಹಳತು. ಬಾದಾಮಿಯ ಪಾಕ ಸೀದು ಕಹಿಯಾಗಿತ್ತು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಇವರು ಹಿಂದಕ್ಕೆ ಸರಿದರು. ಮಗಳು ಒಂದು ಬಾದಾಮಿ ಬಾಯಿಗೆ ಹಾಕಿ ಅಂಗೈಗೆ ಉಗಿದು, "ಅಮ್ಮಾ, ದೊಡ್ಡಮ್ಮಂಗೆ ಏನಾಗಿದೆ?" ಎಂದಳು. ನಾನು ಅವಳಿಗೇ ರೇಗಿದೆ. ಎಲ್ಲವನ್ನೂ ಕಾಗದದಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ತನಕ ನಡೆದು ಅಲ್ಲಿಯ ಕಸದ ತೊಟ್ಟಿಗೆ ಹಾಕಿದೆ. ನಮ್ಮ ಬೀದಿಯ ತೊಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ.

ಇದನ್ನು ನಿನಗೆ ಹೇಗೆ ಹೇಳಲಿ? ಆ ಹದಿನೈದು ದಿನ ಬಿಟ್ಟರೆ ನಿನಗೆ ಇನ್ನೇನಿದೆ? ವಯಸ್ಸಾಯಿತು, ಕೈಯ ಹದ ತಪ್ಪಿತು, ಅಷ್ಟೇ ಅಲ್ಲವೇ. ಅದನ್ನು ನನ್ನ ಬಾಯಿಂದಲೇ ಕೇಳಬೇಕೇ ನೀನು


೧೫ ಮಾರ್ಚ್ ೧೯೮೬

ಪ್ರೀತಿಯ ಅಕ್ಕನಿಗೆ,

ಇದೇನಕ್ಕಾ, ಹೀಗೆಲ್ಲ ಕೇಳುವುದು? ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗಾಯಿತು. ಚೆನ್ನಾಗಿತ್ತು ಎಂದು ಬರೆದಿದ್ದೆನಲ್ಲ. ಅಮ್ಮನ ಕೈಯೇ ಬಂದು ಮಾಡಿದ ಹಾಗಿತ್ತು. ಆ ನರ್ಸಮ್ಮನಿಗೆ ಸಕ್ಕರೆ ಕಾಯಿಲೆ ಇರಬೇಕು, ಪಾಪ, ಹೇಳಿಕೊಳ್ಳಲು ಸಂಕೋಚ. ಇಲ್ಲದ ಅನುಮಾನ ತಲೆಗೆ ಹಚ್ಚಿಕೊಂಡು ಕೊರಗಬೇಡ.

ನಿನ್ನ ತಂಗಿ


೨ ಏಪ್ರಿಲ್ ೧೯೮೬

ಸೊಟ್ಟಿ,

ನಿನ್ನ ಪತ್ರ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ನನ್ನನ್ನು ಹೊಗಳಿ ಅಟ್ಟಕ್ಕೇರಿಸಿಬಿಟ್ಟೆ ಎಂದು ನಗು ಬಂತು, ಆದರೂ ಅಮ್ಮನ ಕೈ ಎಂದೆಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಒಂದು ಕಡೆ ಹೋಗಿ ತೋರಿಸಿಕೊಳ್ಳಬೇಕು ಎಂದು ದಿನ ಕೂಡ ಗೊತ್ತು ಮಾಡಿಕೊಂಡಿದ್ದೆ. ಇನ್ನು ಬೇಡ. ಮುದುಕಿಯರಿಗೆ ಕೆಲಸ ಇಲ್ಲದಿದ್ದರೆ ಕಾಯಿಲೆಯೇ ಕೆಲಸ.

ಕೆಳಗಿನ ಮನೆಯ ದರ್ಜಿಯ ಹೆಂಡತಿಗೆ ಬಿಸ್ಕತ್ತು ಕಲಿಸುತ್ತಿದ್ದೇನೆ. ಅವಳದು ನಿನ್ನದಕ್ಕಿಂತ ಸೊಟ್ಟ.

ಅಕ್ಕ


೧೧ ಫೆಬ್ರವರಿ ೧೯೮೭

ಸೊಟ್ಟಿ,

ಮಗಳ ಮದುವೆ ಗೊತ್ತಾಯಿತೆಂಬ ಸುದ್ದಿ ಓದಿ ಒಬ್ಬಳೇ ಅತ್ತೆ, ಒಬ್ಬಳೇ ನಕ್ಕೆ. ಮೊನ್ನೆ ಮೊನ್ನೆ ನನ್ನ ಮಡಿಲಲ್ಲಿ ಕೂತು ಹಿಟ್ಟು ಮೆತ್ತಿಕೊಳ್ಳುತ್ತಿದ್ದವಳು.

ಮದುವೆಗೆ ಬರುವ ಮುನ್ನೂರು ಜನರ ಸಿಹಿ ನನ್ನದು. ನೀನು ಬೇಡ ಎನ್ನುವ ಹಾಗಿಲ್ಲ. ಡಿಸೆಂಬರಿನ ಡಬ್ಬಿಯೂ ಹಿಂದಿನ ವರ್ಷದಷ್ಟೇ ಚೆನ್ನಾಗಿತ್ತು ಎಂದು ನೀನೇ ಬರೆದಿದ್ದೀಯ. ಆಗಲೇ ದೊಡ್ಡ ತಟ್ಟೆಗಳನ್ನು ಅಟ್ಟದಿಂದ ಇಳಿಸಿ ತೊಳೆಸಿದ್ದೇನೆ. ಹೂವಿನ ಅಚ್ಚು ಆರು ಹೊಸದಾಗಿ ಮಾಡಿಸಿದೆ. ಒಂದು ವಾರ ಮೊದಲೇ ನಿನ್ನ ಮನೆಗೆ ಬಂದು ನಿನ್ನ ಅಡುಗೆಮನೆಯಲ್ಲೇ ಮಾಡುತ್ತೇನೆ. ಮಕ್ಕಳಿಲ್ಲದವಳು ನಾನು, ಇದೊಂದು ಮದುವೆಯಲ್ಲಿ ಕೈ ಆಡಿಸಿಬಿಟ್ಟರೆ ನನಗೆ ಬೇರೆ ಆಸೆಯಿಲ್ಲ.

ಅಕ್ಕ


೩ ಮಾರ್ಚ್ ೧೯೮೭

ಪ್ರೀತಿಯ ಅಕ್ಕನಿಗೆ,

ಹೇಗೆ ಬರೆಯಲಿ ಎಂದು ಮೂರು ದಿನ ಯೋಚಿಸಿದೆ. ಬೀಗರು ತಮಗೆ ಗೊತ್ತಿರುವ ಬೇಕರಿಯವರಿಗೇ ಹೇಳಿಬಿಟ್ಟಿದ್ದಾರಂತೆ. ದೊಡ್ಡ ಜನ, ಅವರಿಗೆ ಅವರದೇ ರೀತಿನೀತಿ. ನಾವು ಹೆಣ್ಣಿನ ಕಡೆಯವರು, ಎದುರು ಮಾತಾಡುವ ಹಾಗಿಲ್ಲ. ನೀನು ಸಿಹಿಯ ಚಿಂತೆ ಬಿಟ್ಟು ಸುಮ್ಮನೆ ಬಂದು ಮುಂದಿನ ಸಾಲಿನಲ್ಲಿ ರಾಣಿಯ ಹಾಗೆ ಕೂತುಕೋ. ನಮಗೆ ಅದೇ ದೊಡ್ಡದು.

ನಿನ್ನ ತಂಗಿ


೧೯ ಮಾರ್ಚ್ ೧೯೮೭

ತಂಗಿಗೆ,

ತಿಳಿಯಿತು. ಹಿತ್ತಲ ಗಿಡ ಮದ್ದಲ್ಲ. ಬೀಗರ ಮುಂದೆ, ಮನೆಯಲ್ಲಿ ಮಾಡಿದ್ದನ್ನು ಇಡಲು ನಾಚಿಕೆಯಾದರೆ ಹಾಗೆಂದೇ ಬರೆಯಬಹುದಿತ್ತು. ತಟ್ಟೆಗಳನ್ನು ಮತ್ತೆ ಅಟ್ಟಕ್ಕೆ ಹಾಕಿಸಿದೆ.

ಮಂಡಿ ನೋವು ಜೋರಾಗಿದೆ. ಮದುವೆಗೆ ಬರಲಾಗುವುದಿಲ್ಲ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ಅಕ್ಕ


೭ ಜೂನ್ ೧೯೮೭

ಅಕ್ಕನಿಗೆ,

ಮದುವೆ ಮುಗಿದು ಎರಡು ವಾರವಾಯಿತು. ಮಗಳು ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಶಾಲು ಹಾಸಿ, "ಇದು ದೊಡ್ಡಮ್ಮಂದು, ಯಾರೂ ಕೂರ್ಬೇಡಿ" ಎಂದು ಕೊನೆಯ ತನಕ ಕಾದಿಟ್ಟಳು. ಫೋಟೋಗಳಲ್ಲೆಲ್ಲ ಆ ಖಾಲಿ ಕುರ್ಚಿ ಬಿದ್ದಿದೆ.

ಮಂಡಿ ನೋವೆಂದು ನಾನು ನಂಬಲಿಲ್ಲ. ಒಂದು ತಟ್ಟೆ ಸಿಹಿಯ ಮಾತಿಗೆ ಹೆತ್ತ ಮಗಳಂಥವಳ ಮದುವೆ ಬಿಡುವಷ್ಟು ಸಣ್ಣ ಮನಸ್ಸು ನಿನ್ನದೆಂದು ತಿಳಿದಿರಲಿಲ್ಲ. ನಿನಗೆ ಗೊತ್ತಿಲ್ಲದ್ದು ಎಷ್ಟೋ ಇದೆ ಅಕ್ಕ. ಇನ್ನು ಬರೆದರೆ ಮಾತು ಬೆಳೆಯುತ್ತದೆ.

ತಂಗಿ


೨೮ ಡಿಸೆಂಬರ್ ೧೯೮೭

ಅಕ್ಕ,

ಈ ಸಲ ಡಬ್ಬಿ ಬರಲಿಲ್ಲ. ಅಂಚೆಯವನನ್ನು ಎರಡು ಸಲ ಕೇಳಿದೆ. ಕೋಪ ಇದ್ದರೆ ಇರಲಿ, ಹೇಗಿದ್ದೀಯ ಎಂದು ಎರಡು ಸಾಲು ಬರೆ.

ತಂಗಿ


೯ ಫೆಬ್ರವರಿ ೧೯೮೮

ಸೊಟ್ಟಿ,

ಸಾಲುಗಳು ಓರೆಯಾಗಿದ್ದರೆ ಬೈಯಬೇಡ, ಈಗ ನಾನೂ ಸೊಟ್ಟಿಯೇ. ಬಲಗಣ್ಣಿಗೆ ಹೋದ ಬೇಸಿಗೆಯಿಂದ ಮಂಜು ಮುಸುಕಿತ್ತು. ಮದುವೆಗೆ ಬರದಿದ್ದುದಕ್ಕೆ ಅರ್ಧ ಕಾರಣ ಸಿಟ್ಟು, ಇನ್ನರ್ಧ ಕಾರಣ ಬಸ್ಸಿನ ಮೆಟ್ಟಿಲು ಕಾಣದಿದ್ದದ್ದು. ಸಿಟ್ಟನ್ನು ತೋರಿಸಿಕೊಂಡೆ, ಕಣ್ಣನ್ನು ಮುಚ್ಚಿಟ್ಟೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಹಾಲು ಉಕ್ಕಿ ಗ್ಯಾಸ್ ಒಲೆ ಆರಿಹೋಗಿದೆ. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಹಳೆಯ ಸ್ವೆಟರ್ ಬಿಚ್ಚಿ ಉಣ್ಣೆ ಸುತ್ತುತ್ತಿದ್ದೆ. ದರ್ಜಿ ಕೆಳಗಿನಿಂದ ಓಡಿಬಂದು ಬಾಗಿಲು ಮುರಿಯುವ ಹಾಗೆ ಬಡಿದ. ಕಿಟಕಿಗಳನ್ನೆಲ್ಲ ತೆರೆದು, "ಮೆಟ್ಟಿಲ ತನಕ ಗ್ಯಾಸ್ ವಾಸನೆ ಹೊಡೀತಿದೆ, ನಿಮಗೆ ಬರ್ಲಿಲ್ವಾ?" ಎಂದು ಕೇಳಿದ. ನನಗೆ ಬಂದಿರಲಿಲ್ಲ. ಏನೇನೂ ಬಂದಿರಲಿಲ್ಲ.

ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕಾಫಿ ಪುಡಿ ಹಿಡಿದರು, ಸೋಪು ಹಿಡಿದರು, ಲವಂಗದ ಎಣ್ಣೆ ಹಿಡಿದರು. ಎಲ್ಲ ಒಂದೇ, ಬರಿಯ ಗಾಳಿ. ಆಮೇಲೆ ತಲೆಯ ಫೋಟೋ ತೆಗೆದರು. ಹಣೆಯ ಹಿಂದೆ, ಮೂಗಿನ ಮೇಲ್ಗಡೆ ಒಂದು ಗಂಟು ಇದೆಯಂತೆ. ವಾಸನೆಯನ್ನು ಮೊದಲು ತಿಂದು ಈಗ ಕಣ್ಣಿನ ನರಕ್ಕೆ ಒತ್ತುತ್ತಿದೆಯಂತೆ.

ಡಾಕ್ಟರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳಿದರು: ವಾಸನೆ ಹೋಗಿ ಎಷ್ಟು ದಿನವಾಯಿತು? ವರ್ಷಗಟ್ಟಲೆ ನಿಧಾನವಾಗಿ ಬೆಳೆದದ್ದಾದರೆ ಅದು ಒಳ್ಳೆಯ ಜಾತಿ, ತೆಗೆದುಹಾಕಬಹುದಂತೆ. ಒಂದು ವರ್ಷದೊಳಗೇ ಇಷ್ಟು ಬೆಳೆದಿದ್ದರೆ ಕೆಟ್ಟ ಜಾತಿ, ನನ್ನ ವಯಸ್ಸಿನಲ್ಲಿ ತಲೆ ತೆರೆದು ಪ್ರಯೋಜನವಿಲ್ಲವಂತೆ. ಹೆಚ್ಚೆಂದರೆ ಒಂದು ವರ್ಷವಾಗಿರಬೇಕು ಎಂದೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದರು. ಎರಡು ವರ್ಷದ ಹಿಂದೆ ನನಗೇ ಮೂಗಿನ ಮೇಲೆ ಅನುಮಾನ ಬಂದಿತ್ತು, ಆದರೆ ಆ ಹಬ್ಬದ ಸಿಹಿಯೂ ಚೆನ್ನಾಗಿತ್ತು, ಮುಂದಿನ ವರ್ಷದ್ದೂ ಚೆನ್ನಾಗಿತ್ತು. ಮೂಗಿಲ್ಲದೆ ಅದು ಆಗುವ ಕೆಲಸವಲ್ಲ ಎಂದೆ. ನಿನ್ನ ಪತ್ರಗಳನ್ನೂ ತೋರಿಸಿದೆ. ನನ್ನ ತಂಗಿ ಸುಳ್ಳು ಹೇಳುವವಳಲ್ಲ ಎಂದೆ.

ಡಾಕ್ಟರ ಮುಖ ಸಪ್ಪೆಯಾಯಿತು. ಹಾಗಾದರೆ ಆಪರೇಷನ್ ಬೇಡ, ನೋವಿಗೆ ಮಾತ್ರ ಮಾತ್ರೆ ಕೊಡುತ್ತೇನೆ ಎಂದರು.

ಹೆದರಿಕೆ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತುಂಬಾ ಹೆದರಿಕೆ ಆಗುತ್ತಿದೆ ಸೊಟ್ಟಿ. ಒಂದೇ ಸಮಾಧಾನ, ಕೊನೆಯ ಎರಡು ಡಬ್ಬಿಗಳನ್ನಾದರೂ ಮೂಗು ನೆಟ್ಟಗಿರುವಾಗಲೇ ಮಾಡಿ ಕಳಿಸಿದೆ. ಮಗಳನ್ನು ಕೇಳಿದೆನೆಂದು ಹೇಳು.

ಅಕ್ಕ


೧೫ ಫೆಬ್ರವರಿ ೧೯೮೮

ಅಕ್ಕ,

ಈ ಪತ್ರ ಕೈಗೆ ಬಂದ ತಕ್ಷಣ, ನನ್ನನ್ನು ಬೈಯುವುದಕ್ಕಿಂತ ಮೊದಲು, ಇದನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗು.

ಒಂದು ವರ್ಷವಲ್ಲ. ೧೯೮೫ರ ಡಿಸೆಂಬರ್ ೧೯, ಗುರುವಾರ, ಸಂಜೆ ನಾನು ಆಫೀಸಿನಿಂದ ಬಂದಾಗ ನಿನ್ನ ಡಬ್ಬಿ ಬಂದಿತ್ತು. ಅದರಲ್ಲಿದ್ದ ಒಂದು ತುಂಡನ್ನೂ ನಾವು ತಿನ್ನಲಿಲ್ಲ. ಆಕ್ರೋಟು ಕಮಟು, ಬೆಣ್ಣೆ ಹಳತು, ಪಾಕ ಸೀದಿತ್ತು. ವಾಸನೆ ತಿಳಿಯುವವರು ಯಾರೂ ಆ ಡಬ್ಬಿ ಮುಚ್ಚಿ ಕಳಿಸುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷದ್ದು ನಿಜವಾಗಿಯೂ ಚೆನ್ನಾಗಿತ್ತು, ಬೇಕಾದರೆ ಯಾರ ಮೇಲಾದರೂ ಆಣೆ ಇಡುತ್ತೇನೆ. ಅಂದರೆ ಎರಡು ವರ್ಷಕ್ಕೂ ಮೇಲಾಯಿತು. ೮೬ರ ಡಬ್ಬಿ ಇನ್ನೂ ಕೆಟ್ಟದಾಗಿತ್ತು. ಡಾಕ್ಟರಿಗೆ ಈ ತಾರೀಖು ಹೇಳು.

ನೀನು ಕೇಳಿದ್ದೆ. ನಿಜ ಹೇಳು ಎಂದೇ ಕೇಳಿದ್ದೆ. ನಿಜವನ್ನು ಬರೆದೂ ಇದ್ದೆ, ಅದನ್ನು ಎತ್ತಿಟ್ಟು ಸುಳ್ಳನ್ನು ಅಂಚೆಗೆ ಹಾಕಿದೆ. ನಿನಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ, ಇರುವ ಒಂದು ಸಂತೋಷವನ್ನೂ ಯಾಕೆ ಕಿತ್ತುಕೊಳ್ಳಲಿ ಎಂದುಕೊಂಡೆ. ಕಾಯಿಲೆ ಎಂಬ ಯೋಚನೆಯೇ ಬರಲಿಲ್ಲ. ಮದುವೆಗೆ ಬೀಗರು ಯಾವ ಬೇಕರಿಗೂ ಹೇಳಿರಲಿಲ್ಲ. ಮುನ್ನೂರು ಜನ ನಿನ್ನ ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುವುದನ್ನು ನೀನು ನೋಡಬಾರದು ಎಂದು ನಾನೇ ಕಟ್ಟಿದ ಕತೆ ಅದು. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದು ತಿಳಿದಿದ್ದೆ ಅಕ್ಕ.

ಇವರು ಕೂಡಲೇ ಹೊರಡು ಎನ್ನುತ್ತಾರೆ. ಯಾವ ಮುಖ ಹೊತ್ತು ಬರಲಿ? ನೀನು ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಆ ಮಾತನ್ನೂ ಕೇಳುತ್ತೇನೆ.

ತಂಗಿ


೨೪ ಫೆಬ್ರವರಿ ೧೯೮೮

ಸೊಟ್ಟಿ,

ಕೈಬರಹ ದರ್ಜಿಯ ಹೆಂಡತಿಯದು, ಮಾತು ನನ್ನದು. ನಿನ್ನ ಪತ್ರವನ್ನು ಓದಿ ಹೇಳಿದವಳೂ ಅವಳೇ. ಓದಿ ಮುಗಿಸಿ, "ಅಮ್ಮ, ನಾವೂ ತಿಂತಿರ್ಲಿಲ್ಲ" ಎಂದಳು. ಇದನ್ನು ಬರೆಯುವಾಗ ಅವಳ ಪೆನ್ನು ನಿಂತಿತು. ಬರೆ ಎಂದೆ.

ಡಾಕ್ಟರಿಗೆ ತಾರೀಖು ಹೇಳಿದೆ. ಅವರು ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಹಾಗಾದರೆ ಇದು ಒಳ್ಳೆಯ ಜಾತಿಯದೇ, ತೆಗೆಯೋಣ, ಜೀವಕ್ಕೆ ಅಷ್ಟು ಭಯವಿಲ್ಲ ಎಂದರು. ಮಾರ್ಚ್ ೩ಕ್ಕೆ ಆಪರೇಷನ್. ಹಾಗಾಗಿ ನಿನ್ನ ಪತ್ರ ನನ್ನ ಜೀವ ಉಳಿಸಿತು, ಅದನ್ನು ಮೊದಲು ಹೇಳಬೇಕು.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಎರಡು ವರ್ಷದ ಹಿಂದೆ ಬಂದಿದ್ದರೆ ಎರಡು ಕಣ್ಣೂ ಉಳಿಯುತ್ತಿದ್ದವು. ಬಲಗಣ್ಣು ಹೋದದ್ದು ಹೋಯಿತು. ಎಡಗಣ್ಣು ಆಪರೇಷನ್ನಿನ ನಂತರ ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು ನಮ್ಮ ಕತೆ.

ನನ್ನ ತಪ್ಪೂ ಇದೆ. ಯಾಕೆ ಕೇಳುತ್ತಿದ್ದೇನೆ ಎಂದು ಆಗಲೇ ಬರೆದಿದ್ದರೆ ನೀನು ಸುಳ್ಳು ಹೇಳುತ್ತಿರಲಿಲ್ಲ. ಮೂಗು ಹೋಯಿತು ಎಂದು ಬರೆಯಲು ಹೆದರಿದೆ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಒಲೆಯ ಮುಂದೆ ನಿಂತಾಗ ವಾಸನೆ ಬಂದ ಹಾಗೇ ಅನ್ನಿಸುತ್ತಿತ್ತು ಸೊಟ್ಟಿ, ಬರೀ ನೆನಪಿನಿಂದ ಬರುತ್ತಿತ್ತೋ ಏನೋ. ಒಂದೇ ಒಂದು ಸಲ ಅಮ್ಮನ ಮಾತು ಮೀರಿ ಒಂದು ಬಾದಾಮಿ ಬಾಯಿಗೆ ಹಾಕಿಕೊಂಡಿದ್ದರೆ ಆ ಕಹಿಯಾದರೂ ನಾಲಿಗೆಗೆ ತಿಳಿಯುತ್ತಿತ್ತು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲೇ ಎಂದು ಇವಳು ಕೇಳುತ್ತಿದ್ದಾಳೆ. ಬೇಡ ಎಂದೆ. ಬರೆಸಿದರೆ ನೀನು ಸಮಾಧಾನವಾಗಿ ಬಸ್ಸು ಹತ್ತುತ್ತೀಯ, ಆದರೆ ಅದೂ ನೀನು ಬರೆದ "ಬಹಳ ಚೆನ್ನಾಗಿತ್ತು" ಎನ್ನುವ ಹಾಗೇ ಆಗುತ್ತದೆ. ಬೆಳಿಗ್ಗೆ ಎದ್ದು ಬಲಗಡೆಯ ಗೋಡೆ ಕಾಣದಿದ್ದಾಗ ನಿನ್ನ ಮೇಲೆ ಕೋಪ ಉಕ್ಕಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಎರಡೂ ನಿಜ.

ಮಾರ್ಚ್ ೩ರ ಒಳಗೆ ಬಾ. ಈಗ ಹತ್ತಿರ ಕೂತರೆ ಮುಖ ಕಾಣುತ್ತದೆ, ಆಮೇಲೆ ಹೇಗೋ ಗೊತ್ತಿಲ್ಲ. ನಾನಿನ್ನೂ ಕ್ಷಮಿಸಿಲ್ಲ. ಆದರೂ ಬಾ.

ಅಕ್ಕ